ಸೆಕೆಂಡ್ ಟೀಮ್ ಅಂದ್ರೆ ಸ್ಟೆಪ್ನಿ ಅಲ್ಲ

ಮೊನ್ನೆ ಭಾನುವಾರ ನಮ್ಮ ಕ್ರಿಕೆಟ್ ಕ್ಲಬ್‌ನ ಸೆಕೆಂಡ್ ಟೀಮ್‌ನ ಲೀಗ್ ಮುಗಿಯಿತು. ಹತ್ತು ಟೀಮ್‌ಗಳ ಗುಂಪಿನಲ್ಲಿ ಐದನೇ ಜಾಗ. ಒಂಬತ್ತು ಮ್ಯಾಚ್‌ನಲ್ಲಿ ನಾಲ್ಕು ಗೆದ್ದೆವು, ನಾಲ್ಕು ಸೋತೆವು, ಒಂದು ಮಳೆಗೆ ಹೋಯಿತು. ಮೇಲಿನ ಡಿವಿಷನ್‌ಗೆ ಹತ್ತಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಸಂಜೆ ಪಿಚ್ ಮೇಲೆ ಹಾಸುವ ಮ್ಯಾಟ್ ಸುತ್ತಿ ಓಮ್ನಿಯ ಮೇಲಿಟ್ಟು ಹಗ್ಗ ಬಿಗಿಯುತ್ತಿದ್ದಾಗ ನಮ್ಮ ಕೀಪರ್ ಕೇಳಿದ, "ಸಾರ್, ನಮ್ ಸೀಸನ್ ಮುಗೀತು ಅಂತ ಯಾರಿಗಾದ್ರೂ ಗೊತ್ತಾ?"

ಫೋನ್ ತೆಗೆದು ನೋಡಿದೆ. ಕ್ಲಬ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ ಫಸ್ಟ್ ಟೀಮ್‌ನ ನೆಟ್ಸ್ ಟೈಮಿಂಗ್ ಬಗ್ಗೆ ಇಪ್ಪತ್ತು ಮೆಸೇಜ್ ಇದ್ದವು. ನಾನು ಹಾಕಿದ್ದ ಸ್ಕೋರ್ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ಆ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ.

ನಾನು ಈ ಟೀಮ್‌ನ ಕ್ಯಾಪ್ಟನ್. ವಯಸ್ಸು ನಲವತ್ತಮೂರು. ಹಿಂದೆ ಎಂಟು ವರ್ಷ ಇದೇ ಕ್ಲಬ್‌ನ ಫಸ್ಟ್ ಟೀಮ್‌ಗೆ ಆಡಿದ್ದೇನೆ. ಆಗ ನಾನೂ ಸೆಕೆಂಡ್ ಟೀಮ್ ಬಗ್ಗೆ ಹೆಚ್ಚು ಯೋಚಿಸಿದವನಲ್ಲ. ಅಲ್ಲಿ ಯಾರು ಆಡುತ್ತಿದ್ದಾರೆ ಅಂತ ಕೇಳಿದವನೂ ಅಲ್ಲ. ಅದು ತಪ್ಪು. ಈ ಸೀಸನ್ ನನಗೆ ಅದನ್ನು ಚೆನ್ನಾಗಿ ತೋರಿಸಿತು.

ನಮ್ಮಲ್ಲಿ ಸೆಕೆಂಡ್ ಟೀಮ್ ಅಂದರೆ ಸ್ಟೆಪ್ನಿ. ಫಸ್ಟ್ ಟೀಮ್‌ನ ಗಾಡಿ ಪಂಕ್ಚರ್ ಆದರೆ ನಮ್ಮ ಚಕ್ರ ಬಿಚ್ಚಿಕೊಂಡು ಹೋಗುತ್ತಾರೆ. ನಮ್ಮದೂ ಒಂದು ಗಾಡಿ, ಅದಕ್ಕೂ ನಾಳೆ ಓಡೋದಿದೆ ಅನ್ನುವುದು ಯಾರ ಲೆಕ್ಕದಲ್ಲೂ ಇಲ್ಲ.

ಡಿಸೆಂಬರ್‌ನ ಒಂದು ಶನಿವಾರ ರಾತ್ರಿ ಹತ್ತೂವರೆಗೆ ಫಸ್ಟ್ ಟೀಮ್ ಕಡೆಯಿಂದ ಫೋನ್ ಬಂತು. "ಇಬ್ರು ಬೇಕು ಗುರು, ನಮ್ ಕಡೆ ಇಬ್ರಿಗೆ ಜ್ವರ. ನಿನ್ ಓಪನರ್‌ನೂ ಆ ಎಡಗೈ ಹುಡುಗನ್ನೂ ಕಳಿಸು." ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಮ್ಮದೂ ಮ್ಯಾಚ್ ಇತ್ತು. ನಮ್ಮ ಲಿಸ್ಟ್‌ನಲ್ಲಿ ಇದ್ದವರೇ ಹನ್ನೊಂದು ಜನ. ರಾತ್ರಿ ಹನ್ನೆರಡೂವರೆವರೆಗೆ ಹಳೇ ಆಟಗಾರರಿಗೆ ಫೋನ್ ಮಾಡಿದೆ. ಒಬ್ಬರ ಮನೆಯಲ್ಲಿ ಮದುವೆ, ಒಬ್ಬರಿಗೆ ನೈಟ್ ಶಿಫ್ಟ್, ಒಬ್ಬರು ಊರಿಗೆ ಹೋಗಿದ್ದರು. ಕೊನೆಗೆ ಒಂಬತ್ತೇ ಜನ ಇಳಿದೆವು.

ಒಂಬತ್ತು ಜನ ಐವತ್ತು ಓವರ್ ಫೀಲ್ಡಿಂಗ್ ಮಾಡುವುದು ಹೇಗಿರುತ್ತೆ ಅಂತ ಒಮ್ಮೆ ಯೋಚಿಸಿ. ಬೌಲರ್, ಕೀಪರ್ ಬಿಟ್ಟರೆ ಏಳು ಜನ. ಥರ್ಡ್‌ಮ್ಯಾನ್ ಇಟ್ಟರೆ ಫೈನ್ ಲೆಗ್ ಖಾಲಿ. ಸ್ಲಿಪ್ ಅಂತೂ ಮರೆತೇಬಿಡಬೇಕು. ಮೂವತ್ತೊಂದನೇ ಓವರ್‌ನಲ್ಲಿ ಚೆಂಡು ಪುಟಿದು ನಮ್ಮ ಕೀಪರ್‌ನ ಬೆರಳು ಸೀಳಿತು. 2017ರಲ್ಲಿ ಕ್ರಿಕೆಟ್ ನಿಯಮ ಬದಲಾದ ಮೇಲೆ, ಅಂಪೈರ್ ಒಪ್ಪಿದರೆ ಬದಲಿ ಆಟಗಾರ ಕೂಡ ಕೀಪಿಂಗ್ ಮಾಡಬಹುದು. ಅಂಪೈರ್ ಒಳ್ಳೆಯವರು, ತಾವಾಗಿಯೇ ಕೇಳಿದರು, "ನಿಮ್ ಸಬ್ಸ್‌ಟಿಟ್ಯೂಟ್ ಎಲ್ಲಿ?" ಇದ್ದರಲ್ಲವಾ ಕರೆಯೋದು! ಆ ಹುಡುಗ ಬೆರಳಿಗೆ ಟೇಪ್ ಸುತ್ತಿಕೊಂಡು ಉಳಿದ ಹತ್ತೊಂಬತ್ತು ಓವರ್ ಕೀಪಿಂಗ್ ಮಾಡಿದ. ಒಂದು ಮಾತು ಆಡಲಿಲ್ಲ.

ಎದುರಾಳಿಗಳು 204 ಹೊಡೆದರು. ನಾವು ಒಂಬತ್ತೇ ಜನ, ಹಾಗಾಗಿ ಎಂಟು ವಿಕೆಟ್ ಹೋದರೆ ಮುಗಿಯಿತು. 166ಕ್ಕೆ ಏಳು ಹೋಯಿತು. ಉಳಿದವರು ಇಬ್ಬರೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಆಫ್ ಸ್ಪಿನ್ನರ್, ನನಗಿಂತ ಮೂರು ವರ್ಷ ದೊಡ್ಡವರು. ಅವರ ಜೊತೆಗೆ ಪಿಯುಸಿ ಓದುತ್ತಿರುವ ಹದಿನೇಳು ವರ್ಷದ ಹುಡುಗ. ಇನ್ನೂ 39 ರನ್ ಬೇಕು.

ನಾನು ಪ್ಯಾಡ್ ಬಿಚ್ಚದೆ ಹಾಗೇ ಕೂತು ನೋಡಿದೆ. 1996ರ ಅಕ್ಟೋಬರ್ 21 ನೆನಪಾಯಿತು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಮೇಲೆ ಟೈಟನ್ ಕಪ್ ಮ್ಯಾಚ್. 216 ಬೇಕಿತ್ತು. ಸಚಿನ್ 88ಕ್ಕೆ ಔಟಾದಾಗ ಸ್ಕೋರ್ 164ಕ್ಕೆ ಎಂಟು. ನಮ್ಮ ಮನೆಯಲ್ಲಿ ದೊಡ್ಡವರೆಲ್ಲ ಟಿವಿ ಮುಂದಿನಿಂದ ಎದ್ದು ಹೋಗಿಬಿಟ್ಟರು. ನಾನೊಬ್ಬ ಕೂತಿದ್ದೆ. ಆಮೇಲೆ ನಮ್ಮ ಕರ್ನಾಟಕದ ಶ್ರೀನಾಥ್ ಮತ್ತು ಕುಂಬ್ಳೆ ಇಬ್ಬರೇ ಆಡಿ 52 ರನ್ ಸೇರಿಸಿ ಗೆಲ್ಲಿಸಿದರು. ಕುಂಬ್ಳೆ ಅವರ ತಾಯಿ ಸ್ಟ್ಯಾಂಡ್‌ನಲ್ಲಿ ಕೂತು ನೋಡುತ್ತಿದ್ದುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಬೇಗ ಮಲಗಲಿಲ್ಲ.

ನಮ್ಮ ಟೀಮ್‌ನ ಇಬ್ಬರು 32 ಹೊಡೆದರು. ಆರು ರನ್‌ನಿಂದ ಸೋತೆವು. ಆ ಹುಡುಗ ಪೆವಿಲಿಯನ್ ಅಂತ ನಾವು ಕರೆಯುವ ತಗಡಿನ ಶೆಡ್‌ಗೆ ಬಂದು ಗೋಡೆ ಕಡೆ ತಿರುಗಿ ನಿಂತುಬಿಟ್ಟ. ಬ್ಯಾಂಕ್ ಅಣ್ಣ ಹೋಗಿ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಸುಮ್ನೆ ನಿಂತರು.

ಅದೇ ದಿನ ಫಸ್ಟ್ ಟೀಮ್ ಏಳು ವಿಕೆಟ್‌ನಿಂದ ಆರಾಮಾಗಿ ಗೆದ್ದಿತು. ನಮ್ಮಿಂದ ಹೋದ ಓಪನರ್‌ಗೆ ಏಳನೇ ನಂಬರ್ ಕೊಟ್ಟಿದ್ದರು, ಅವನು ಬ್ಯಾಟ್ ಹಿಡಿಯಲೇ ಇಲ್ಲ. ಎಡಗೈ ಹುಡುಗ ಮೂರು ಓವರ್ ಹಾಕಿದ. ಇಬ್ಬರೂ ನಮ್ಮ ಜೊತೆ ಇದ್ದಿದ್ದರೆ ಆ ಆರು ರನ್ ಬರುತ್ತಿತ್ತು ಅಂತ ನಾನು ಈಗಲೂ ನಂಬುತ್ತೇನೆ.

ಆ ಹದಿನೇಳರ ಹುಡುಗನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮನೆ ದಾಸರಹಳ್ಳಿ. ಅಪ್ಪ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಇವನು ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಹೆಸರು ಮಾಡಿದವನು. ಲೆದರ್ ಬಾಲ್ ಮುಟ್ಟಿದ್ದೇ ಕಳೆದ ವರ್ಷ. ನಮ್ಮ ಮೈದಾನ ನೆಲಮಂಗಲದ ಕಡೆ. ಸೀಸನ್ ಶುರುವಾದಾಗ ಮೆಟ್ರೋ ನಾಗಸಂದ್ರದವರೆಗೆ ಮಾತ್ರ ಇತ್ತು. 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂತು. ನಮ್ಮಂಥ ಟೀಮ್‌ಗೆ ಇದು ಎಷ್ಟು ದೊಡ್ಡ ಸಹಾಯ ಅಂತ ಹೇಳಿದರೆ ಅರ್ಥ ಆಗುವುದು ಕಷ್ಟ. ಭಾನುವಾರ ಏಳು ಗಂಟೆಯ ಮೊದಲ ಗಾಡಿಗೇ ಇವನು ಕಿಟ್ ಬ್ಯಾಗ್ ಹೊತ್ತು ಬಂದು ಸ್ಟೇಷನ್ ಕೆಳಗೆ ನಿಂತಿರುತ್ತಿದ್ದ. ಅಲ್ಲಿಂದ ಓಮ್ನಿಯಲ್ಲಿ ನಾವು ಆರು ಜನ, ಮೇಲೆ ಮ್ಯಾಟ್.

ಮೊದಲ ಎರಡು ಮ್ಯಾಚ್‌ನಲ್ಲಿ ಅವನು ಸೊನ್ನೆ ಮತ್ತು ನಾಲ್ಕು. ಟೆನಿಸ್ ಬಾಲ್‌ನ ಅಭ್ಯಾಸ, ಎಲ್ಲಾ ಚೆಂಡಿಗೂ ಅಡ್ಡ ಬ್ಯಾಟ್. ಬ್ಯಾಂಕ್ ಅಣ್ಣ ಅವನನ್ನು ಪ್ರತಿ ಬುಧವಾರ ಸಂಜೆ ಒಬ್ಬನನ್ನೇ ಕರೆದು ಆಡಿಸಿದರು. "ಮ್ಯಾಟ್ ಮೇಲೆ ಚೆಂಡು ಎದೆಗೆ ಬರುತ್ತೆ ಮಗಾ. ಕಾಲು ಸುಮ್ನೆ ಮುಂದೆ ಹಾಕ್ಬೇಡ. ಹಿಂದಕ್ಕೆ ಹೋಗು, ಚೆಂಡು ನಿನ್ ಕಣ್ಣ ಕೆಳಗೆ ಬರ್ಲಿ." ಒಂದೂವರೆ ತಿಂಗಳು ಇದೇ ಮಾತು. ಯಾವ ಅಕಾಡೆಮಿ ಫೀಸೂ ಇಲ್ಲ. ಜನವರಿಯಲ್ಲಿ ಅವನು 71 ಹೊಡೆದ ದಿನ ಅಣ್ಣ ಸ್ಕೋರ್ ಬುಕ್ ಪುಟದ ಫೋಟೋ ತೆಗೆದು ಮನೆಯವರಿಗೆ ಕಳಿಸಿದರು. ಸ್ವಂತ ಮಗ ಹೊಡೆದಿದ್ದರೂ ಅಷ್ಟೇ ಖುಷಿ ಪಡುತ್ತಿದ್ದರೇನೋ.

ಸೆಕೆಂಡ್ ಟೀಮ್ ಮಾಡುವ ಕೆಲಸ ಇದು. ನಲವತ್ತಾರರ ಮನುಷ್ಯನೂ ಹದಿನೇಳರ ಹುಡುಗನೂ ಒಂದೇ ಟೀಮ್‌ನಲ್ಲಿ, ಒಂದೇ ಆಸೆ ಇಟ್ಟುಕೊಂಡು ಆಡುವ ಜಾಗ ಈ ಊರಿನಲ್ಲಿ ಬೇರೆ ಎಲ್ಲಿದೆ ಹೇಳಿ?

71 ಹೊಡೆದ ಮೇಲೆ ಏನಾಯಿತು? ಫಸ್ಟ್ ಟೀಮ್‌ನವರು ಅವನನ್ನು ಕರೆದುಕೊಂಡರು. ನನಗೆ ಸಂತೋಷವೇ ಆಯಿತು. ಹುಡುಗರು ಮೇಲೆ ಹೋಗಲಿ ಅಂತಲೇ ನಾವು ಇಲ್ಲಿರುವುದು. ಆದರೆ ಎರಡು ಭಾನುವಾರ ಅವನು ನೀರು ಹೊತ್ತ. ಒಂದು ಚೆಂಡೂ ಆಡಲಿಲ್ಲ. ಮೂರನೇ ವಾರ ವಾಪಸ್ ಕಳಿಸಿದರು. ಬಂದವನು ಮತ್ತೆ ಅಡ್ಡ ಬ್ಯಾಟ್ ಬೀಸಿ ಎರಡಕ್ಕೆ ಔಟ್. ಕೇಳಿದರೆ, "ಬೇಗ ರನ್ ಮಾಡಿದ್ರೆ ಮತ್ತೆ ಕರೀತಾರೆ ಅಂದ್ಕೊಂಡೆ ಸಾರ್" ಅಂದ. ಅವನದೇನು ತಪ್ಪು? ಆ ವಯಸ್ಸಿನಲ್ಲಿ ಬೆಂಚ್ ಮೇಲೆ ಕೂರುವ ಎರಡು ವಾರ ಅಂದರೆ ಕಡಿಮೆ ಅಲ್ಲ. ಆಡಿಸುವುದಕ್ಕೆ ಕರೆಯಿರಿ, ಈಗಲೇ ಕಳಿಸುತ್ತೇನೆ. ನೀರು ಕೊಡುವುದಕ್ಕಾದರೆ ಅವನು ನಮ್ಮಲ್ಲೇ ಇರಲಿ, ಇಲ್ಲಿ ಅವನಿಗೆ ಬ್ಯಾಟಿಂಗ್ ಸಿಗುತ್ತೆ.

ಇನ್ನು ಮ್ಯಾಟ್. ತೆಂಗಿನ ನಾರಿನದು. ಎರಡು ವರ್ಷ ಫಸ್ಟ್ ಟೀಮ್‌ನವರು ಬಳಸಿ, ಅವರಿಗೆ ಹೊಸದು ಬಂದ ಮೇಲೆ ನಮಗೆ ಬಂತು. ಒಂದು ತುದಿಯಲ್ಲಿ, ಸರಿಯಾಗಿ ಗುಡ್ ಲೆಂತ್ ಬೀಳುವ ಜಾಗದಲ್ಲಿ, ಅಂಗೈ ಅಗಲ ಹರಿದಿದೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಎಳೆದು ಬಿಗಿ ಮಾಡಿ, ಸುತ್ತಲೂ ಸುತ್ತಿಗೆಯಲ್ಲಿ ಮೊಳೆ ಹೊಡೆಯುತ್ತೇವೆ. ಹರಿದಲ್ಲಿ ನಾನೇ ದಬ್ಬಳದಲ್ಲಿ ಹುರಿ ಹಾಕಿ ಹೊಲಿದಿದ್ದೇನೆ, ಮೂರು ಸಲ. ಆದರೂ ಚೆಂಡು ಅಲ್ಲಿ ಬಿದ್ದರೆ ಒಮ್ಮೆ ಮುಖಕ್ಕೆ ಬರುತ್ತೆ, ಒಮ್ಮೆ ನೆಲದಲ್ಲೇ ಹೋಗುತ್ತೆ. ಕೀಪರ್‌ನ ಬೆರಳು ಸೀಳಿದ್ದು ಅಲ್ಲಿಂದ ಬಂದ ಚೆಂಡೇ. ಲೆದರ್ ಬಾಲ್ ಆಡುವುದನ್ನು ಈಗಷ್ಟೇ ಕಲಿಯುತ್ತಿರುವ ಹುಡುಗರಿಗೆ ಕ್ಲಬ್‌ನಲ್ಲಿರುವ ಅತಿ ಕೆಟ್ಟ ಮ್ಯಾಟ್ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಅನುಭವ ಇರುವವರು ಕೆಟ್ಟ ಪಿಚ್‌ನಲ್ಲೂ ಹೇಗೋ ನಿಭಾಯಿಸುತ್ತಾರೆ. ಹೊಸಬರಿಗೇ ಒಳ್ಳೆಯದು ಬೇಕು.

ಮಳೆಗೆ ಹೋದ ಮ್ಯಾಚ್ 2024ರ ಅಕ್ಟೋಬರ್‌ನದು. ನ್ಯೂಜಿಲೆಂಡ್ ಟೆಸ್ಟ್‌ನ ಮೊದಲ ದಿನ ಚಿನ್ನಸ್ವಾಮಿಯಲ್ಲೇ ಪೂರ್ತಿ ಮಳೆಗೆ ಹೋಗಿ, ಮರುದಿನ ಭಾರತ 46ಕ್ಕೆ ಆಲೌಟ್ ಆಯಿತಲ್ಲ, ಆ ವಾರ. ಅಲ್ಲಿ ನೀರು ಹೀರಿ ತೆಗೆಯುವ ಸಬ್ ಏರ್ ವ್ಯವಸ್ಥೆ 2017ರಿಂದಲೇ ಇದೆ. ನಮ್ಮ ಹತ್ತಿರ ಎರಡು ಬಕೆಟ್, ನಾಲ್ಕು ಸ್ಪಂಜು. ಹನ್ನೊಂದು ಗಂಟೆಯವರೆಗೆ ಎರಡೂ ಟೀಮ್‌ನವರು ಸೇರಿ ನೀರು ಹಿಂಡಿದೆವು, ಆಮೇಲೆ ಮತ್ತೆ ಸುರಿಯಿತು. ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಮಳೆ ಎಲ್ಲರಿಗೂ ಒಂದೇ.

ಕ್ಲಬ್‌ನ ಹಿರಿಯರು ಹೇಳುವ ಮಾತೂ ಗೊತ್ತು. ಫಸ್ಟ್ ಟೀಮ್ ಕೆಳಗಿನ ಡಿವಿಷನ್‌ಗೆ ಬಿದ್ದರೆ ಮತ್ತೆ ಮೇಲೆ ಬರಲು ವರ್ಷಗಳು ಬೇಕು, ಒಳ್ಳೆ ಆಟಗಾರರು ಬೇರೆ ಕ್ಲಬ್‌ಗೆ ಹೋಗುತ್ತಾರೆ, ದುಡ್ಡು ಕೊಡುವವರೂ ಹಿಂದೆ ಸರಿಯುತ್ತಾರೆ. ನಿಜ. ನಾನೂ ಅಲ್ಲಿ ಆಡಿದವನು, ಆ ಭಯ ನನಗೂ ಗೊತ್ತು. ಆದರೆ ಇವತ್ತಿನ ಫಸ್ಟ್ ಟೀಮ್‌ನ ಹನ್ನೊಂದರಲ್ಲಿ ಆರು ಜನ ಇದೇ ಸೆಕೆಂಡ್ ಟೀಮ್‌ನಲ್ಲಿ ಬೆಳೆದವರು. ಬೇರಿಗೆ ನೀರು ಹಾಕದೆ ಮರದಲ್ಲಿ ಕಾಯಿ ಎಣಿಸಿದರೆ ಆಗುತ್ತಾ? ಕುಂಬ್ಳೆ ಅಂಥವರೂ ಹದಿಮೂರನೇ ವಯಸ್ಸಿಗೆ ಯಂಗ್ ಕ್ರಿಕೆಟರ್ಸ್ ಅನ್ನುವ ಕ್ಲಬ್ ಸೇರಿದ ಹುಡುಗನೇ. 619 ಟೆಸ್ಟ್ ವಿಕೆಟ್ ಎಲ್ಲ ಆಮೇಲಿನ ಮಾತು.

ನಮ್ಮ ಸೀಸನ್ ನಡೆಯುತ್ತಿದ್ದಾಗಲೇ, 2025ರ ಫೆಬ್ರವರಿಯಲ್ಲಿ, ರಾಹುಲ್ ದ್ರಾವಿಡ್ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೂರನೇ ಡಿವಿಷನ್ ಲೀಗ್‌ನಲ್ಲಿ ವಿಜಯ ಕ್ರಿಕೆಟ್ ಕ್ಲಬ್ ಪರ ತಮ್ಮ ಮಗನ ಜೊತೆ ಬ್ಯಾಟ್ ಹಿಡಿದು ಇಳಿದರು. ವಯಸ್ಸು 52. ಟೆಸ್ಟ್‌ನಲ್ಲಿ 13,288 ರನ್ ಹೊಡೆದ ಮನುಷ್ಯ. ಆ ಸುದ್ದಿ ಓದಿದ ದಿನ ನಮ್ಮ ಹುಡುಗರೆಲ್ಲ ಅದನ್ನೇ ಮಾತಾಡಿದರು. ದ್ರಾವಿಡ್‌ಗೆ ಮೂರನೇ ಡಿವಿಷನ್ ಚಿಕ್ಕದು ಅನ್ನಿಸಲಿಲ್ಲ. ನಮ್ಮ ಫಸ್ಟ್ ಟೀಮ್‌ನ ಸೀನಿಯರ್‌ಗಳಿಗೆ ಮಾತ್ರ ಸೆಕೆಂಡ್ ಟೀಮ್‌ಗೆ ಆಡುವುದು ಅವಮಾನ. ಫಾರ್ಮ್ ಹೋದಾಗ ಇಲ್ಲಿಗೆ ಕಳಿಸಿದರೆ ಮುಖ ಊದಿಸಿಕೊಂಡು ಬಂದು, ಔಟಾದ ತಕ್ಷಣ ಬ್ಯಾಗ್ ತಗೊಂಡು ಹೊರಟವರನ್ನೂ ಈ ಸೀಸನ್ ನೋಡಿದೆ. ನಮ್ಮ ಹುಡುಗರು ಅವರ ಹತ್ತಿರ ಒಂದು ಮಾತು ಕೇಳಬೇಕು ಅಂತ ಕಾಯುತ್ತಿದ್ದರು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಶುಕ್ರವಾರ ರಾತ್ರಿ ಎರಡೂ ಟೀಮ್‌ನ ಲಿಸ್ಟ್ ಗಟ್ಟಿಯಾಗಲಿ, ಆಮೇಲೆ ಯಾರನ್ನೂ ಎಳೆಯಬೇಡಿ. ಕರೆದುಕೊಂಡವನನ್ನು ಆಡಿಸಿ. ಸೆಲೆಕ್ಷನ್‌ಗೆ ಕೂರುವಾಗ ನಮ್ಮನ್ನೂ ಕೂರಿಸಿಕೊಳ್ಳಿ. ಫಸ್ಟ್ ಟೀಮ್‌ಗೆ ಮ್ಯಾಚ್ ಇಲ್ಲದ ವಾರ ಒಬ್ಬ ಸೀನಿಯರ್ ಮನಸ್ಸಿನಿಂದ ಬಂದು ನಮ್ಮ ಜೊತೆ ಆಡಲಿ. ಮತ್ತೆ, ಒಂದು ಹೊಸ ಮ್ಯಾಟ್. ದುಡ್ಡಿಲ್ಲ ಅಂದರೆ ನಾವು ಹನ್ನೊಂದು ಜನ ಅರ್ಧ ಹಾಕುತ್ತೇವೆ.

ಮುಂದಿನ ತಿಂಗಳು ಕ್ಲಬ್‌ನ ವಾರ್ಷಿಕ ಮೀಟಿಂಗ್. ಇದನ್ನೆಲ್ಲ ಅಲ್ಲಿ ಎದ್ದು ನಿಂತು ಹೇಳುತ್ತೇನೆ. ಕ್ಲಬ್‌ನ ಹಳೇ ಆಟಗಾರರು ಇದನ್ನು ಓದುತ್ತಿದ್ದರೆ ದಯವಿಟ್ಟು ಬನ್ನಿ, ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ. ಕೀಪರ್ ಮತ್ತು ದಾಸರಹಳ್ಳಿ ಹುಡುಗ ಇಬ್ಬರನ್ನೂ ಕರೆದುಕೊಂಡು ಬರುತ್ತೇನೆ. ಮ್ಯಾಟ್ ಸದ್ಯಕ್ಕೆ ನಮ್ಮ ಮನೆ ತಾರಸಿ ಮೇಲೆ ಬಿಸಿಲಿಗೆ ಹಾಸಿದೆ. ಅದನ್ನೂ ಓಮ್ನಿಯಲ್ಲಿ ಹಾಕಿಕೊಂಡು ಬಂದು ಅವರೆದುರು ಬಿಚ್ಚಿ ತೋರಿಸುತ್ತೇನೆ.