ಸ್ಪಷ್ಟನೆ: ಮೊದಲು ಬಂದಿದ್ದು 'ಉಳಿದವರು ಕಂಡಂತೆ'

'ಉಳಿದವರು ಕಂಡಂತೆ' ತಮಿಳಿನ 'ರಿಚಿ' ಚಿತ್ರದ ರೀಮೇಕ್ ಅನ್ನೋ ಪೋಸ್ಟ್ ಹರಿದಾಡ್ತಿದೆ. ಅದು ತಪ್ಪು. ನಿಜ ಇದಕ್ಕೆ ಪೂರ್ತಿ ಉಲ್ಟಾ. ರಕ್ಷಿತ್ ಶೆಟ್ಟಿ ಬರೆದು, ನಿರ್ದೇಶಿಸಿ, ರಿಚಿಯಾಗಿ ನಟಿಸಿದ ಕನ್ನಡ ಚಿತ್ರ ಬಂದಿದ್ದು 2014ರಲ್ಲಿ. ನಿವಿನ್ ಪೌಲಿ ನಟಿಸಿದ ತಮಿಳು ರೀಮೇಕ್ ಬಂದಿದ್ದು 2017ರಲ್ಲಿ.

ಕಥೆ ನಡೆಯೋದೇ ನಮ್ಮ ಮಲ್ಪೆಯಲ್ಲಿ, ಕೃಷ್ಣಾಷ್ಟಮಿಯ ದಿನ. ಹುಲಿವೇಷದ ತಾಸೆ ಸದ್ದು, ಬಂದರಿನ ದೋಣಿಗಳು, ಕರಾವಳಿ ಕನ್ನಡ. ಎಷ್ಟೋ ವರ್ಷ ಊರು ಬಿಟ್ಟಿದ್ದ ರಾಘು, ತಾಯಿ ರತ್ನಕ್ಕನ ಮನೆಗೆ ವಾಪಸ್ ಬರೋದು, ಹಳೇ ಗೆಳೆಯ ರಿಚಿ ಎದುರಾಗೋದು, ಆಮೇಲಿನ ಕೊಲೆ, ಇವನ್ನೆಲ್ಲ ಬೇರೆ ಬೇರೆಯವರ ಕಣ್ಣಲ್ಲಿ ನೋಡ್ತೀವಿ. ಈ ಊರಿನ ಮಣ್ಣಲ್ಲೇ ಹುಟ್ಟಿದ ಚಿತ್ರವನ್ನ ಸುಮ್ನೆ ರೀಮೇಕ್ ಅಂದ್ರೆ ನೋವಾಗುತ್ತೆ, ಅಲ್ವಾ? ದಯವಿಟ್ಟು ಆ ಪೋಸ್ಟ್ ಹಂಚಬೇಡಿ.