ಶಾಮಿಯಾನದ ಕೆಳಗೆ ಬಿಪಿ

ಮೇ 17 ವಿಶ್ವ ರಕ್ತದೊತ್ತಡ ದಿನ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಉಚಿತ ತಪಾಸಣಾ ಶಿಬಿರ. ಶಾಮಿಯಾನ, ಮೈಕು, ಬ್ಯಾನರು ಎಲ್ಲಾ ಇತ್ತು. ಬ್ಯಾನರಿನಲ್ಲಿ ಹನ್ನೊಂದು ಮುಖ, ಮೂಲೆಯಲ್ಲೊಂದು ಹೃದಯ, ಟಿಕೆಟ್ ಸಿಗದ ಅಭ್ಯರ್ಥಿಯ ಹಾಗೆ.

ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ ಬೇಕು, ಬರಿ ತೋಳು ಎದೆಮಟ್ಟದಲ್ಲಿರಬೇಕು. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು, ಮೂತ್ರ ಕಟ್ಟಿಕೊಂಡಿರಬಾರದು, ಮಾತಾಡಬಾರದು. ಇದು ಡಾಕ್ಟರುಗಳ ಲೆಕ್ಕ. ಶಿಬಿರದ ಲೆಕ್ಕವೇ ಬೇರೆ. ವಾಕಿಂಗ್ ಮುಗಿಸಿ ಬೆವರುತ್ತಾ ಬಂದವರನ್ನು ಕ್ಯೂನಲ್ಲಿ ನಿಲ್ಲಿಸಿದರು. ನಿಂತವರಿಗೆ ಬಿಸಿ ಬಿಸಿ ಫಿಲ್ಟರ್ ಕಾಫಿ ಕೊಟ್ಟರು. ಶೌಚಾಲಯಕ್ಕೆ ಬೀಗ. ಕೀ ಮಾಲಿಯ ಹತ್ತಿರ, ಮಾಲಿ ಮುಖ್ಯ ಅತಿಥಿಗೆ ಸಿಂಹಾಸನದಂಥ ಕುರ್ಚಿ ತರಲು ಹೋಗಿದ್ದಾನೆ.

ನನಗೆ ಸಿಕ್ಕಿದ್ದು ಸ್ಟೂಲು. ತುಂಬುತೋಳಿನ ಶರ್ಟಿನ ಮೇಲೇ ಪಟ್ಟಿ ಸುತ್ತಿದರು. ಕಿವಿಯ ಪಕ್ಕದಲ್ಲೇ ಮೈಕಿನವನ ‘ಹಲೋ ಚೆಕ್’. 162/98 ಬಂತು.

"ಕೋಪ ಕಮ್ಮಿ ಮಾಡ್ಕೊಳ್ಳಿ ಅಂಕಲ್" ಎಂದಳು ಹುಡುಗಿ.

ನಮ್ಮಲ್ಲಿ ಬಿಪಿ ಅಂದರೆ ಕೋಪ, ಅಲ್ವಾ? ಆದರೆ ಕೋಪಕ್ಕೆ ಏರಿದ್ದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇಳಿಯದೆ ಕೂತಿರುವುದೇ ಕಾಯಿಲೆ. ನೂರರಲ್ಲಿ ತೊಂಬತ್ತು ಜನರಿಗೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಮನೆತನ, ವಯಸ್ಸು, ಹೊಟ್ಟೆ, ಕುಡಿತ, ಕೂತಲ್ಲೇ ಕೂರುವುದು, ಉಪ್ಪು ಎಲ್ಲಾ ಸೇರಿಕೊಂಡಿರುತ್ತವೆ. ಉಳಿದವರಲ್ಲಿ ಕಿಡ್ನಿಯದ್ದೋ, ಗ್ರಂಥಿಯದ್ದೋ ತಂಟೆ. ನಮ್ಮ ಎದುರುಮನೆ ರಾಯರು ಇರುವೆಗೂ ದಾರಿ ಬಿಡುವವರು, ಅವರಿಗೆ ಬಿಪಿ. ಬೀದಿಗೆಲ್ಲಾ ಕೇಳುವಂತೆ ಕೂಗಾಡುವ ಅವರ ತಮ್ಮನಿಗೆ 118/76.

ಆಮೇಲೆ ಭಾಷಣ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚದೊಳಗೆ. ನಾವು ಹೆಚ್ಚುಕಮ್ಮಿ ಅದರ ಎರಡರಷ್ಟು ತಿನ್ನುತ್ತೇವೆ. ಭಾಷಣ ಮುಗಿದ ಕೂಡಲೇ ತಿಂಡಿ: ಬಿಸಿಬೇಳೆಬಾತ್, ಖಾರಾಬೂಂದಿ, ಹಪ್ಪಳ, ಉಪ್ಪಿನಕಾಯಿ. ‘ಉಪ್ಪಿಗಿಂತ ರುಚಿಯಿಲ್ಲ’ ಅನ್ನುವ ಊರಿನಲ್ಲಿ ಅಡುಗೆ ಭಟ್ಟರಿಗೆ ಯಾರು ಬುದ್ಧಿ ಹೇಳುತ್ತಾರೆ? ಹೋಗುವಾಗ ಗುಲಾಬಿ ಬಣ್ಣದ ಉಪ್ಪಿನ ಪೊಟ್ಟಣ ಉಡುಗೊರೆ. "ಇದರಲ್ಲಿ ಬಿಪಿ ಬರಲ್ಲ ಸಾರ್." ಬಣ್ಣ ಬೇರೆ, ಒಳಗಿರುವುದು ಅದೇ ಸೋಡಿಯಂ.

ಪಕ್ಕದಲ್ಲಿದ್ದ ಹಿರಿಯರಿಗೆ 188/104. "ಹೋದ ವರ್ಷ ಇಲ್ಲೇ ನಾರ್ಮಲ್ ಬಂದಿತ್ತು, ಮಾತ್ರೆ ಬಿಟ್ಟೆ. ಕಲ್ಲುಗುಂಡಿನ ಹಾಗಿದ್ದೀನಿ" ಎಂದರು. ಮಾತ್ರೆ ತಿಂದಿದ್ದಕ್ಕೇ ನಾರ್ಮಲ್ ಬಂದಿದ್ದು ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಸಾಹೇಬರು ಬಂದರು.

ಕುರ್ಚಿಯಲ್ಲಿ ಕೂತರು. ತೋಳಿಗೆ ಪಟ್ಟಿ ಸುತ್ತಿದರು, ನಾಲ್ಕು ಫೋಟೋ ಹೊಡೆದರು, ಪಟ್ಟಿ ಬಿಚ್ಚಿದರು. ಮೆಷಿನ್ನಿನ ಬಟನ್ನನ್ನು ಯಾರೂ ಒತ್ತಿರಲಿಲ್ಲ. "ಸಾಹೇಬರ ಬಿಪಿ ಪೂರ್ತಿ ನಾರ್ಮಲ್!" ಎಂದಿತು ಮೈಕು. ಚಪ್ಪಾಳೆಯೋ ಚಪ್ಪಾಳೆ.

ಹಿರಿಯರು ಹಪ್ಪಳ ಕೆಳಗಿಟ್ಟು ಹುಡುಗಿಯನ್ನು ಕರೆದರು. "ನನಗೂ ಆ ಮೆಷಿನ್ನಲ್ಲೇ ಇನ್ನೊಂದ್ಸಲ ನೋಡಿಬಿಡಮ್ಮಾ."