ಸ್ಕ್ಯಾನ್ ಮಾಡಿಸಿ, ಆದರೆ ಅಸಲು ಕಾಗದ ಒಗೀಬೇಡಿ

ಮಧ್ಯಾಹ್ನದಿಂದ ಕೆಲಸದಲ್ಲಿ ಮನಸ್ಸೇ ಇಲ್ಲ. ರಾಯಚೂರು ಕೋರ್ಟ್ ಎದುರಿಗಿನ ನನ್ನ ಜೆರಾಕ್ಸ್ ಅಂಗಡಿ ನಿಮಗೆಲ್ಲ ಗೊತ್ತು. ಎರಡು ಗಂಟೆ ಹೊತ್ತಿಗೆ ಮಾನ್ವಿ ಕಡೆಯ ಒಬ್ಬ ಅಜ್ಜಿ ಮಗನ ಜೊತೆ ಬಂದರು. ಕೈಯಲ್ಲಿ ನಾನೇ ಹೋದ ತಿಂಗಳು ತೆಗೆದುಕೊಟ್ಟ ಪ್ರಿಂಟು. ಮೈದುನನ ಜೊತೆ ಹೊಲದ ದಾವೆ. ಗಂಡ ಬದುಕಿದ್ದಾಗ, 1994ರಲ್ಲಿ ಬರೆದ ವಾಟ್ನಿ ಪತ್ರ, ಅಂದರೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಪತ್ರ ಅದು.

"ತಮ್ಮಾ, ಎಲ್ಲಾ ಕಾಣಸ್ತೈತಲ್ಲಪ್ಪ ಇದರಾಗ. ನಮ್ಮ ಮನಿಯವರ ಹೆಬ್ಬಟ್ಟೂ ಐತಿ. ಮತ್ಯಾಕ ಅಸಲು ತಾ ಅಂತಾರ?"

ಬೆಳಕಿಗೆ ಹಿಡಿದು ನೋಡಿದೆ. ಹೆಬ್ಬೆಟ್ಟು ಬರೀ ಕರಿ ಮಚ್ಚೆ. ಒಂದು ಗೆರೆಯೂ ಇಲ್ಲ. ಸಹಿಗಳಲ್ಲಿ ಪೆನ್ನು ಒತ್ತಿದ ಗುರುತಿಲ್ಲ. ತಜ್ಞರಿಗೆ ಕಳಿಸಿದರೆ ಅವರು ಏನನ್ನು ಹೋಲಿಸಿ ನೋಡಬೇಕು?

ಅಸಲು ಎಲ್ಲಿ ಅಂದೆ. ಮಗ ತಲೆ ತಗ್ಗಿಸಿದ. ಮಡಿಕೆಯಲ್ಲಿ ಹರಿದು, ಮುಟ್ಟಿದರೆ ಪುಡಿಯಾಗುತ್ತಿತ್ತಂತೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಕೊಂಡು, ದೀಪಾವಳಿಗೆ ಮನೆಗೆ ಸುಣ್ಣ ಹೊಡೆಯುವಾಗ ಹಳೇ ಕಾಗದದ ಜೊತೆ ಸುಟ್ಟುಬಿಟ್ಟಿದ್ದಾನೆ. "ಸ್ಕ್ಯಾನ್ ಇದ್ದರೆ ಸಾಕು ಅಂದರು ಅಣ್ಣಾ" ಅಂದ.

ನನಗೆ ಸಿಟ್ಟು ಆ ಹುಡುಗನ ಮೇಲಲ್ಲ. ಈ "ಸಾಕು" ಅನ್ನೋರ ಮೇಲೆ.

ಸಾಕಾಗಲ್ಲ ರೀ. ಸ್ಕ್ಯಾನ್ ಅಂದರೆ ನಕಲು. ಅಸಲು ಕಳೆದಿದ್ದರೆ, ನಾಶವಾಗಿದ್ದರೆ, ಎದುರುದಾರರ ಕೈಯಲ್ಲೇ ಇದ್ದರೆ ನಕಲಿಗೆ ದಾರಿ ಇದೆ, ನಿಜ. ಆದರೆ ಅಂಥ ಪತ್ರ ಇತ್ತು, ಹೀಗೆ ಹೋಯಿತು ಅಂತ ಮೊದಲು ತೋರಿಸಬೇಕು. ಸುಟ್ಟವನೇ ಕಟಕಟೆಯಲ್ಲಿ ನಿಂತರೆ ಎದುರಿನ ವಕೀಲರು ಸುಮ್ನೆ ಬಿಡ್ತಾರಾ? ಪತ್ರ ಬರೆದವರು ತೀರಿಕೊಂಡಿದ್ದಾರೆ. ಸಾಕ್ಷಿ ಹಾಕಿದವರಲ್ಲಿ ಉಳಿದಿರುವುದು ಒಬ್ಬರೇ, ಅವರಿಗೆ ಕಿವಿ ಕೇಳಲ್ಲ.

ಅದರ ಮೇಲೆ ಇದು ಫೋನಿನಿಂದ ತೆಗೆದ ಪ್ರಿಂಟು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೊಡಬೇಕು. ಒಂದು ಭಾಗಕ್ಕೆ ಪಕ್ಷಗಾರರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ. ಇದಕ್ಕೂ ಮೊದಲಿದ್ದ ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇಂಥದ್ದೇ ಆದ 65ಬಿ ಕಲಮಿನ ಪ್ರಮಾಣಪತ್ರ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೂ ಹೇಳಿತ್ತು. ಎಷ್ಟೋ ಜನ ಇದೊಂದು ಕೊಟ್ಟರೆ ಮುಗೀತು ಅಂದುಕೊಳ್ಳುತ್ತಾರೆ. ಆ ಪ್ರಮಾಣಪತ್ರ ಫೋನಿನ ಪರವಾಗಿ ಮಾತಾಡುತ್ತೆ, ಕಾಗದದ ಪರವಾಗಿ ಅಲ್ಲ. 1994ರಲ್ಲಿ ಅಣ್ಣತಮ್ಮಂದಿರು ಒಪ್ಪಿ ಹೆಬ್ಬೆಟ್ಟು ಒತ್ತಿದರು ಅನ್ನೋದನ್ನ ಅದು ಹೇಳಲ್ಲ.

ಹೊಟ್ಟೆ ಉರಿಯೋದು ಮುಂದಿನದಕ್ಕೆ. ಪತ್ರ ಸ್ಟಾಂಪ್ ಇಲ್ಲದ ಬಿಳಿ ಹಾಳೆ ಮೇಲಿತ್ತು. ನೋಂದಣಿಯ ತೊಡಕು ಬೇರೆ ಇದೆ, ಅದಿರಲಿ. ಅಸಲು ಇದ್ದಿದ್ದರೆ ಸ್ಟಾಂಪಿನ ಬಾಕಿಯನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿ ಆ ಒಂದು ತಕರಾರನ್ನಾದರೂ ತೀರಿಸಬಹುದಿತ್ತು. ನಕಲಿಗೆ ದಂಡ ಕಟ್ಟೋಕೂ ಬರಲ್ಲ. ಸ್ಟಾಂಪ್ ಇಲ್ಲದ ಪತ್ರದ ನಕಲನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1971ರಲ್ಲೇ ತೀರ್ಪು ಕೊಟ್ಟಿದೆ. ಸಾಲ ಮಾಡಿ ದಂಡ ಕಟ್ಟೋಕೆ ಅಜ್ಜಿ ತಯಾರಿದ್ದಾರೆ. ಕಟ್ಟೋಕೆ ಕಾಗದವೇ ಇಲ್ಲ.

ಸರ್ಕಾರವೇ ಭೂ ಸುರಕ್ಷಾ ಅಂತ ತಹಶೀಲ್ ಕಚೇರಿಯ ಹಳೇ ಕಡತ ಸ್ಕ್ಯಾನ್ ಮಾಡಿಸ್ತಿದೆಯಲ್ಲ ಅಂತ ಸಂಜೆ ಗೆಳೆಯನೊಬ್ಬ ವಾದಕ್ಕೆ ಬಂದ. ಹೌದು, ಒಳ್ಳೆ ಕೆಲಸ. ಆದರೆ ಅದು ಸರ್ಕಾರಿ ದಾಖಲೆ. ಅಧಿಕಾರಿ ಸಹಿ, ಮೊಹರು ಹಾಕಿ ಸರ್ಟಿಫೈಡ್ ಕಾಪಿ ಕೊಡ್ತಾರೆ, ಕೋರ್ಟ್ ಒಪ್ಪುತ್ತೆ. ನಿಮ್ಮ ಮನೆ ಟ್ರಂಕಿನ ಕಾಗದಕ್ಕೆ ಮೊಹರು ಹಾಕೋರು ಯಾರು?

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಹದಿನೆಂಟು ವರ್ಷದಿಂದ ಇಂಥ ಕಾಗದಗಳನ್ನ ಗಾಜಿನ ಮೇಲೆ ಇಡ್ತಿದ್ದೇನೆ. ಅಸಲು ಜೋಪಾನ ಅಂತ ಒಬ್ಬರಿಗೂ ಹೇಳಿದವನಲ್ಲ. ಈ ಹುಡುಗ ಹೋದ ತಿಂಗಳು ಬಂದಾಗ ಅಸಲು ಎಲ್ಲಿದೆ ಅಂತಲೂ ಕೇಳಲಿಲ್ಲ. ಆ ಹೊತ್ತಿಗೆ ಅದು ಸುಟ್ಟು ಹೋಗಿತ್ತು, ಆದರೂ ಮನಸ್ಸಿಗೆ ಚುಚ್ಚುತ್ತಿದೆ. ಅಜ್ಜಿ ಹೋಗುವಾಗ ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ಗಂಟಿಗೆ ಕಟ್ಟಿಕೊಂಡರು.

ಅವರು ಹೋದ ಮೇಲೆ ಡ್ರಾಯರ್ ತೆಗೆದೆ. ಜೆರಾಕ್ಸ್ ತೆಗೆದುಕೊಂಡು, ಅಸಲನ್ನು ಗಾಜಿನ ಮೇಲೇ ಮರೆತು ಹೋದವರ ಕಾಗದಗಳು. ಎಣಿಸಿದೆ, ಹನ್ನೊಂದು ಇವೆ. ಖರೀದಿ ಪತ್ರ ಮೂರು, ಉರ್ದುವಿನಲ್ಲಿ ಬರೆದ ಹಳೇ ಕಾಗದ ಒಂದು, ಅಂಕಪಟ್ಟಿ ಎರಡು, ಉಳಿದವು ಬಾಂಡು, ಕರಾರು ಪತ್ರ. ನಿಮ್ಮದೋ, ನಿಮ್ಮ ಊರಿನವರದೋ ಇರಬಹುದು. ನಾಳೆಯಿಂದ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆದಿರುತ್ತೆ. ಬಂದು ನೋಡಿ, ಗುರುತು ಹೇಳಿ ತಗೊಂಡು ಹೋಗಿ.